ಗೋಡೆಯಲ್ಲಿ ಸೇರಿಹೋದ ಹೆಸರುಗಳು: ರೋಟೆನ್‌ಬುರ್ಗ್ ಎಂಬ ಕೋಟೆಯೂರು



ಜರ್ಮನಿಯ ಬವೇರಿಯಾ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಟೌಬರ್ ನದಿಯ ಕಣಿವೆಯ ನೆತ್ತಿಯ ಮೇಲೆ ಕುಳಿತಿರುವ ರೋಟೆನ್‌ಬುರ್ಗ್ ಎಂಬ ಊರನ್ನು ಈ ಸಭೆಯಲ್ಲಿರುವ ಹಲವರು ಕಂಡಿರಬಹುದು. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕರೆದೊಯ್ಯುವ ತಾಣಗಳಲ್ಲಿ ಅದೂ ಒಂದು. ಕಾಣದವರೂ ಅದರ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡಿಯೇ ಇರುತ್ತಾರೆ: ಕವಲೊಡೆದ ಕಲ್ಲುಹಾಸಿನ ಬೀದಿ, ಕವಲಿನ ನಡುವೆ ಮರದ ತೊಲೆಗಳ ಸಣಕಲು ಮನೆ, ಎರಡೂ ಬದಿಗೆ ಒಂದೊಂದು ಗೋಪುರ. ಹನ್ನೊಂದು ಸಾವಿರದ ಆಸುಪಾಸಿನ ಜನಸಂಖ್ಯೆಯ ಈ ಊರಿಗೆ ಪ್ರತಿವರ್ಷ ಬರುವ ಪ್ರವಾಸಿಗರು ಆ ಸಂಖ್ಯೆಯ ಎಷ್ಟೋ ಪಟ್ಟು ಹೆಚ್ಚು.

ಬಂದವರು ತಪ್ಪದೆ ಮಾಡುವ ಕೆಲಸವೊಂದಿದೆ. ಕೋಟೆಗೋಡೆಯ ಮೇಲೆ, ಹೆಂಚಿನ ಮಾಡಿನ ಕೆಳಗೆ ಸಾಗುವ ಕಿರಿದಾದ ಮರದ ಓಣಿಯಲ್ಲಿ ಸುಮಾರು ಎರಡೂವರೆ ಕಿಲೋಮೀಟರು ನಡೆಯುವುದು. ಹಾಗೆ ನಡೆಯುವಾಗ ಗೋಡೆಯ ಮೈಯಲ್ಲಿ ಚಿಕ್ಕ ಚಿಕ್ಕ ಕಲ್ಲುಫಲಕಗಳು ಕಾಣುತ್ತವೆ. ಒಂದೊಂದರ ಮೇಲೂ ಒಂದು ಹೆಸರು, ಒಂದು ಊರು, ಕೆಲವೊಮ್ಮೆ ಇಷ್ಟು ಮೀಟರು ಎಂಬ ಲೆಕ್ಕ. ಜರ್ಮನರು, ಅಮೆರಿಕನ್ನರು, ಬಹಳಷ್ಟು ಜಪಾನೀಯರು. ಇವರೆಲ್ಲ ಗೋಡೆಯ ಮರುನಿರ್ಮಾಣಕ್ಕೆ ಮೀಟರಿಗಿಷ್ಟು ಎಂದು ಹಣ ಕೊಟ್ಟವರು. ಮಧ್ಯಯುಗದ ಗೋಡೆಗೆ ಇಪ್ಪತ್ತನೆಯ ಶತಮಾನದ ದಾನಿಗಳೇಕೆ ಎಂದು ಕೇಳುವವರು ಕಡಿಮೆ. ಅದೇ ಊರಿನ ಗೋಡೆಗಳಿಗೆ ಹೆಸರು ಕೆತ್ತಿದ ಬೇರೆ ಕಲ್ಲುಗಳೂ ಸೇರಿದ್ದವು. ಆ ಹೆಸರುಗಳವರು ಹಣ ಕೊಟ್ಟಿರಲಿಲ್ಲ, ಅವರ ಒಪ್ಪಿಗೆಯನ್ನು ಯಾರೂ ಕೇಳಿರಲೂ ಇಲ್ಲ. ಇಂದಿನ ಮಾತು ಈ ಎರಡು ಬಗೆಯ ಹೆಸರುಗಳ ನಡುವಿನ ಚರಿತ್ರೆಯನ್ನು ಕುರಿತದ್ದು.

ಮೊದಲಿಗೆ ಊರು ಹುಟ್ಟಿದ ಬಗೆ. ರೋಟೆನ್‌ಬುರ್ಗ್ ಎಂಬ ಹೆಸರಿಗೆ ಸಾಮಾನ್ಯವಾಗಿ ಹೇಳುವ ಅರ್ಥ ಕೆಂಪುಕೋಟೆ. 1142ರಲ್ಲಿ ಹೋಹೆನ್‌ಸ್ಟೌಫೆನ್ ವಂಶದ ರಾಜ ಮೂರನೆಯ ಕೊನ್ರಾಡ್ ಇಲ್ಲಿನ ನೆಲವನ್ನು ಪಡೆದು ಕಣಿವೆಗೆ ಚಾಚಿದ ಬಂಡೆಯ ಮೂಗಿನ ಮೇಲೆ ಅರಮನೆ-ಕೋಟೆಯನ್ನು ಕಟ್ಟಿಸಿದ. ಅದರ ಆಸರೆಯಲ್ಲಿ ಪೇಟೆ ಬೆಳೆಯಿತು, ಪೇಟೆಯ ಸುತ್ತ ಮೊದಲ ಗೋಡೆ ಎದ್ದಿತು. ಊರು ಆ ಗೋಡೆಯನ್ನು ಮೀರಿದಾಗ ಎರಡನೆಯ ಸುತ್ತು ಬಂತು. ದಕ್ಷಿಣದಲ್ಲಿ ಗೋಡೆಯಾಚೆಗೆ ಇದ್ದ ಧರ್ಮಾಸ್ಪತ್ರೆಯನ್ನೂ ಅದರ ಸುತ್ತಲಿನ ವಸತಿಯನ್ನೂ ಆಮೇಲೆ ಗೋಡೆ ಚಾಚಿ ಒಳಗೆ ಎಳೆದುಕೊಳ್ಳಲಾಯಿತು. ಹಳೆಯ ಒಳಸುತ್ತಿನ ಬಾಗಿಲುಗಳು, ಅಂದರೆ ಮಾರ್ಕುಸ್ ಗೋಪುರ, ಬಿಳಿಗೋಪುರ ಮುಂತಾದವು, ಈಗ ಊರ ನಡುವೆಯೇ ಅನಾಥವಾಗಿ ನಿಂತಿವೆ. ಮರದ ಕಾಂಡದ ಉಂಗುರಗಳಂತೆ ಗೋಡೆಗಳನ್ನು ಎಣಿಸಿ ಊರಿನ ವಯಸ್ಸು ಹೇಳಬಹುದು. ಚಿತ್ರದುರ್ಗದ ಏಳು ಸುತ್ತು ಹತ್ತಿ ಇಳಿದವರಿಗೆ ಇದು ಹೊಸದೇನಲ್ಲ. ಆದರೆ ಚಿತ್ರದುರ್ಗದ ಸುತ್ತುಗಳು ಮುಖ್ಯವಾಗಿ ಅರಸನ ರಕ್ಷಣೆಗೆ ಕಟ್ಟಿದವು, ರೋಟೆನ್‌ಬುರ್ಗಿನವು ವರ್ತಕರ ಪೇಟೆಯ ಕಾವಲಿಗೆ.

1274ರಲ್ಲಿ ಹಾಬ್ಸ್‌ಬುರ್ಗಿನ ರಾಜ ರುಡೋಲ್ಫ್ ಈ ಊರಿಗೆ ಸಾಮ್ರಾಜ್ಯದ ಸ್ವತಂತ್ರ ನಗರವೆಂಬ ಸ್ಥಾನವನ್ನು ಕೊಟ್ಟ. ಅಂದಿನಿಂದ ಅದು ಯಾವ ಸಾಮಂತನಿಗೂ ತಲೆಬಾಗಬೇಕಿರಲಿಲ್ಲ, ರಾಜನೊಬ್ಬನಿಗೆ ಮಾತ್ರ ಉತ್ತರ ಹೇಳಬೇಕಿತ್ತು. 1356ರ ಭೂಕಂಪದಲ್ಲಿ ಕೊನ್ರಾಡನ ಕೋಟೆ ಕುಸಿದುಬಿತ್ತು. ಊರಿನವರು ಅದನ್ನು ಮತ್ತೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಆ ಜಾಗದಲ್ಲಿ ಈಗ ಉದ್ಯಾನವಿದೆ. ಮೇಯರ್ ಹೈನ್‌ರಿಷ್ ಟೋಪ್ಲರನ ಕಾಲಕ್ಕೆ ನಗರದ ಪ್ರತಾಪ ಮೇಲೇರಿತ್ತು. ಗೋಡೆಯೊಳಗೆ ಐದಾರು ಸಾವಿರ ಜನ, ಹೊರಗೆ ಸುಮಾರು 400 ಚದರ ಕಿಲೋಮೀಟರಿನ ಸೀಮೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಹಳ್ಳಿಗಳು. ಆ ಸೀಮೆಯ ಸುತ್ತಲೂ ಮುಳ್ಳುಬೇಲಿ, ದಿಬ್ಬ, ಕಂದಕಗಳ ಇನ್ನೊಂದು ಕೋಟೆ ಮುಂದೆ ಎದ್ದಿತು. ಟೋಪ್ಲರ್ ಕೊನೆಗೆ ತನ್ನದೇ ನಗರಸಭೆಯ ಕೋಪಕ್ಕೆ ತುತ್ತಾಗಿ 1408ರಲ್ಲಿ ಪುರಭವನದ ನೆಲಮಾಳಿಗೆಯ ಸೆರೆಯಲ್ಲಿ ಸತ್ತ.

ಸ್ವತಂತ್ರ ನಗರ ಎಂಬ ಪದವನ್ನು ಕೇಳಿದ ಕೂಡಲೇ ಅದರಲ್ಲಿ ಪ್ರಜಾಪ್ರಭುತ್ವದ ಮೊಳಕೆಯನ್ನು ಕಾಣುವ ಆಸೆ ಹುಟ್ಟುವುದುಂಟು. ಯುರೋಪಿನ ಉದಾರವಾದಿ ಚರಿತ್ರೆಕಾರರು ಹಾಗೆ ಕಂಡದ್ದೂ ಉಂಟು. ಆದರೆ ಆಳ್ವಿಕೆ ಕೆಲವೇ ಶ್ರೀಮಂತ ಮನೆತನಗಳ ಕೈಯಲ್ಲಿತ್ತು. ಹಳ್ಳಿಗಳ ರೈತನಿಗಂತೂ ಈ ಸ್ವತಂತ್ರ ನಗರ ಇನ್ನೊಬ್ಬ ಜಮೀನುದಾರನಾಗಿತ್ತು. ಸಂಜೆ ಹೆಬ್ಬಾಗಿಲು ಮುಚ್ಚಿದ ಮೇಲೆ ಹೊರಗುಳಿದವನು ಹೊರಗೇ ಉಳಿದ. ಕೋಟೆಬಾಗಿಲಿನ ಭಾರಿ ಕದದೊಳಗೆ ಒಬ್ಬನೇ ಬಗ್ಗಿ ನುಸುಳಬಹುದಾದ ದಿಡ್ಡಿ ಬಾಗಿಲು ಇಂದಿಗೂ ಇದೆ. ಬಾಗಿಲ ಮೇಲೆ ಬಾಯಿ ತೆರೆದ ಕಲ್ಲಿನ ಮುಖವೊಂದಿದೆ. ಮುತ್ತಿಗೆ ಹಾಕಿದವರ ಮೇಲೆ ಆ ಬಾಯಿಂದ ಕಾದ ಡಾಂಬರು ಸುರಿಯುತ್ತಿದ್ದರೆಂದು ಪ್ರವಾಸಿಗರಿಗೆ ಹೇಳುತ್ತಾರೆ. ಮಕ್ಕಳು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಈಗ ಗೋಡೆಯ ಒಳಗೇ ಇದ್ದ, ಆದರೆ ಒಳಗಿನವರೆಂದು ಪೂರ್ತಿಯಾಗಿ ಎಣಿಕೆಯಾಗದ ಜನರ ಮಾತಿಗೆ ಬರಬೇಕು. ರೋಟೆನ್‌ಬುರ್ಗಿನಲ್ಲಿ ಹನ್ನೆರಡನೆಯ ಶತಮಾನದಿಂದಲೇ ಯಹೂದಿಗಳಿದ್ದರು. ಹದಿಮೂರನೆಯ ಶತಮಾನದಲ್ಲಿ ಈ ಊರಿನ ಹೆಸರು ದೂರ ದೂರದ ದೇಶಗಳಲ್ಲಿ ಕೇಳಿಬರುತ್ತಿದ್ದುದಕ್ಕೆ ಕಾರಣ ಅದರ ಗೋಪುರಗಳಲ್ಲ. ಅಲ್ಲಿ ನಾಲ್ಕು ದಶಕಗಳ ಕಾಲ ನೆಲೆಸಿ ಪಾಠ ಹೇಳಿದ ರಬ್ಬಿ ಮೇಯಿರ್ ಬೆನ್ ಬಾರುಖ್. ಧರ್ಮಶಾಸ್ತ್ರದ ತೊಡಕು ಬಂದಾಗ ಬೇರೆ ಬೇರೆ ನಾಡುಗಳ ಯಹೂದಿ ಸಮುದಾಯಗಳು ಇವನಿಗೆ ಪತ್ರ ಬರೆದು ತೀರ್ಪು ಕೇಳುತ್ತಿದ್ದವು. ಯುವಕನಾಗಿ ಫ್ರಾನ್ಸಿನಲ್ಲಿ ಓದುತ್ತಿದ್ದಾಗ ಪ್ಯಾರಿಸ್ಸಿನಲ್ಲಿ ಗಾಡಿಗಟ್ಟಲೆ ತಾಲ್ಮುದ್ ಗ್ರಂಥಗಳನ್ನು ಸುಟ್ಟ ಕಾಲ ಅವನದು. ಆ ಕುರಿತು ಅವನು ಬರೆದ ಶೋಕಗೀತೆಯನ್ನು ಯಹೂದಿಗಳು ಇಂದಿಗೂ ತಮ್ಮ ಉಪವಾಸದ ದಿನ ಹಾಡುತ್ತಾರೆ.

ಆಗಿನ ಕಾನೂನಿನ ಪ್ರಕಾರ ಯಹೂದಿಗಳು ಚಕ್ರವರ್ತಿಯ ಬೊಕ್ಕಸದ ಆಳುಗಳು. ಪದವೇ ಅದು. ಅವರ ರಕ್ಷಣೆ ಚಕ್ರವರ್ತಿಯದು, ಅವರಿಂದ ಬರುವ ತೆರಿಗೆಯೂ ಅವನದೇ. ಆಸ್ತಿಯ ಪಟ್ಟಿಯಲ್ಲಿರುವುದು ಎದ್ದು ಹೋಗುವಂತಿಲ್ಲವಲ್ಲ. ರುಡೋಲ್ಫನ ತೆರಿಗೆಯ ಭಾರದಿಂದ ಯಹೂದಿಗಳು ಗುಂಪು ಗುಂಪಾಗಿ ದೇಶ ಬಿಡತೊಡಗಿದರು. 1286ರಲ್ಲಿ ಮೇಯಿರ್ ಕೂಡ ಕುಟುಂಬದೊಡನೆ ಹೊರಟ. ಆಲ್ಪ್ಸ್ ದಾಟಿ ಲೊಂಬಾರ್ಡಿ ತಲಪಿದಾಗ ಅವನನ್ನು ಗುರುತಿಸಿ ಹಿಡಿದು ರಾಜನಿಗೆ ಒಪ್ಪಿಸಲಾಯಿತು. ವಲಸೆ ಹೋದದ್ದೇ ಅಪರಾಧ. ಸಮುದಾಯ ಭಾರಿ ಹಣ ಕೊಟ್ಟು ಬಿಡಿಸಿಕೊಳ್ಳಲು ಸಿದ್ಧವಿತ್ತು. ಮೇಯಿರ್ ಒಪ್ಪಲಿಲ್ಲವೆಂದು ಪರಂಪರೆ ಹೇಳುತ್ತದೆ: ಒಬ್ಬ ರಬ್ಬಿಗೆ ಹಣ ಸಿಕ್ಕರೆ ನಾಳೆ ಪ್ರತಿ ಊರಿನ ರಬ್ಬಿಯನ್ನೂ ಹಿಡಿದಿಡುತ್ತಾರೆ ಎಂಬುದು ಅವನ ವಾದ. ಏಳು ವರ್ಷ ಸೆರೆಯಲ್ಲಿದ್ದು 1293ರಲ್ಲಿ ತೀರಿಕೊಂಡ. ಹೆಣವನ್ನೂ ರಾಜನ ಆಡಳಿತ ಬಿಟ್ಟುಕೊಡಲಿಲ್ಲ. ಹದಿನಾಲ್ಕು ವರ್ಷಗಳ ಬಳಿಕ, 1307ರಲ್ಲಿ, ಅಲೆಕ್ಸಾಂಡರ್ ಬೆನ್ ಸಾಲೊಮೊನ್ ಎಂಬ ವರ್ತಕ ಹಣ ತೆತ್ತು ಅಸ್ಥಿಗಳನ್ನು ಬಿಡಿಸಿಕೊಂಡು ವೋರ್ಮ್ಸ್ ಊರಿನಲ್ಲಿ ಮಣ್ಣು ಮಾಡಿಸಿದ. ತನಗೆ ಅವನ ಪಕ್ಕದಲ್ಲಿ ಜಾಗ ಸಿಗಬೇಕೆಂಬುದು ಅವನ ಕೋರಿಕೆಯಾಗಿತ್ತು. ಎರಡು ಗೋರಿಗಳೂ ಇಂದಿಗೂ ಅಕ್ಕಪಕ್ಕದಲ್ಲೇ ಇವೆ. ಊರಿಗೆ ಸ್ವಾತಂತ್ರ್ಯದ ಸನ್ನದು ಕೊಟ್ಟವನೂ ಊರಿನ ಅತಿ ದೊಡ್ಡ ವಿದ್ವಾಂಸನನ್ನು ಸೆರೆಗೆ ತಳ್ಳಿದವನೂ ಒಬ್ಬನೇ ರುಡೋಲ್ಫ್.

ಮೇಯಿರನ ಹೆಣ ಇನ್ನೂ ಸೆರೆಯಲ್ಲಿದ್ದಾಗ, 1298ರಲ್ಲಿ, ಫ್ರಾಂಕೋನಿಯಾದ ಊರೂರಿಗೆ ಬೆಂಕಿ ಬಿತ್ತು. ಯಹೂದಿಗಳು ಚರ್ಚಿನ ಪ್ರಸಾದದ ರೊಟ್ಟಿಯನ್ನು ಕದ್ದು ಚುಚ್ಚಿ ಅಪವಿತ್ರಗೊಳಿಸಿದರೆಂಬ ಸುದ್ದಿ ಹತ್ತಿರದ ಊರೊಂದರಿಂದ ಹಬ್ಬಿತು. ರಿಂಟ್‌ಫ್ಲೈಷ್ ಎಂಬವನ ಮುಂದಾಳುತನದಲ್ಲಿ ಗುಂಪುಗಳು ಊರಿಂದೂರಿಗೆ ನುಗ್ಗಿದವು. ಅಪವಿತ್ರಗೊಂಡ ಪ್ರಸಾದ, ರಾತ್ರೋರಾತ್ರಿ ಹಬ್ಬುವ ಸುದ್ದಿ, ಸಾಲಗಾರರೇ ತುಂಬಿದ ಗುಂಪು, ಕಣ್ಣು ಮುಚ್ಚಿಕೊಂಡ ಅಧಿಕಾರ. ಇದನ್ನು ಕೇಳಿದಾಗ ಈ ಸಭೆಯಲ್ಲಿರುವವರಿಗೆ ಯಾವ ಊರು, ಯಾವ ವರ್ಷ ನೆನಪಾಗುತ್ತದೋ ಅದನ್ನು ಅವರವರಿಗೇ ಬಿಡುವುದು ಒಳ್ಳೆಯದು. ರೋಟೆನ್‌ಬುರ್ಗಿನ ಯಹೂದಿಗಳು ಕೊನೆಗೆ ರಾಜನ ಕೋಟೆಯೊಳಗೆ ಆಶ್ರಯ ಪಡೆದರು. ರಾಜನ ಆಳುಗಳಿಗೆ ರಾಜನ ಗೋಡೆಯಲ್ಲದೆ ಬೇರೆ ಗತಿಯೇನು? ಆ ಗೋಡೆ ಅವರನ್ನು ಕಾಯಲಿಲ್ಲ. ಜುಲೈ ತಿಂಗಳಲ್ಲಿ ಕೋಟೆಗೆ ನುಗ್ಗಿ ಎಲ್ಲರನ್ನೂ ಕೊಂದರು. ಊರಿನಲ್ಲಿ ಸತ್ತವರು ಒಟ್ಟು ನಾನೂರಕ್ಕೂ ಹೆಚ್ಚು. ಭೂಕಂಪದ ಬಳಿಕ ಉದ್ಯಾನವಾದ ಜಾಗ ಇದೇ. ಹುತಾತ್ಮರ ನೆನಪಿಗೆ ಹೀಬ್ರೂ ಭಾಷೆಯಲ್ಲಿ ಕೆತ್ತಿದ ಒಂದು ಕಲ್ಲು ಶತಮಾನಗಳ ಕಾಲ ಕಣ್ಮರೆಯಾಗಿದ್ದು ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕಿತು. ಉದ್ಯಾನದ ಪ್ರಾರ್ಥನಾಮಂದಿರದ ಬಳಿ ಈಗೊಂದು ಸ್ಮಾರಕವಿದೆ. ಕಣಿವೆಯ ನೋಟ ಚೆಂದವಾಗಿರುವುದರಿಂದ ಜನ ಸಾಮಾನ್ಯವಾಗಿ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ.

ಯಹೂದಿಗಳು ಮರಳಿ ಬಂದರು. ಪ್ಲೇಗಿನ ವರ್ಷಗಳಲ್ಲಿ, 1349-50ರ ಸುಮಾರಿಗೆ, ಮತ್ತೆ ಕೊಲೆಯಾದರು. ಬದುಕುಳಿದವರು, ಹೊಸಬರು, ಮತ್ತೆ ಬಂದರು. ಹದಿನಾಲ್ಕನೆಯ ಶತಮಾನದ ಕೊನೆಗೆ ಅವರು ನೆಲೆಸಿದ ಯಹೂದಿ ಬೀದಿ ಇಂದಿಗೂ ಉಳಿದಿದೆ. ಯುರೋಪಿನಲ್ಲಿ ಇಷ್ಟು ಹಳೆಯ ಯಹೂದಿ ಬೀದಿಗಳು ಉಳಿದಿರುವುದು ಅಪರೂಪ. ಅಲ್ಲಿ ಯಹೂದಿಗಳೂ ಕ್ರೈಸ್ತರೂ ಅಕ್ಕಪಕ್ಕದ ಮನೆಗಳಲ್ಲಿ ಬದುಕಿದ್ದರು. ಒಂದು ಮನೆಯ ನೆಲಮಾಳಿಗೆಯಲ್ಲಿ ಶುದ್ಧಿಸ್ನಾನದ ಕೊಳವೂ ಇದೆ. ಆದರೆ 1519ರ ಹೊತ್ತಿಗೆ ಯೋಹಾನೆಸ್ ಟೊಯ್ಷ್‌ಲೈನ್ ಎಂಬ ಪಾದ್ರಿ ತನ್ನ ಪ್ರವಚನಗಳಲ್ಲಿ ಯಹೂದಿಗಳ ವಿರುದ್ಧ ಊರನ್ನು ಎತ್ತಿಕಟ್ಟಿದ. ಅವರನ್ನು ಹೊರಹಾಕಲು ನಗರಸಭೆ ನಿರ್ಧರಿಸಿತು. 1520ರ ಆರಂಭದಲ್ಲಿ ಅವರು ಹೊರಟುಹೋದರು. ಸಿನಗಾಗ್ ಮರಿಯಮ್ಮನ ಚರ್ಚಾಯಿತು. ಸ್ಮಶಾನದ ಗೋರಿಕಲ್ಲುಗಳು ಕಟ್ಟಡಕ್ಕೆ ಒದಗಿದವು. ಒಳ್ಳೆಯ ಕಲ್ಲು, ಆಗಲೇ ಹದಗೊಳಿಸಿದ್ದು, ಬಿಟ್ಟಿಯಾಗಿ ದೊರೆತದ್ದು. ಹೀಬ್ರೂ ಅಕ್ಷರಗಳಿದ್ದ ಬದಿ ಒಳಗೋ ಹೊರಗೋ ಎಂಬ ಚಿಂತೆ ಯಾರಿಗೂ ಇದ್ದಂತಿಲ್ಲ. 1914ರಲ್ಲಿ ಹಳೆಯ ಸ್ಮಶಾನದ ಜಾಗದಲ್ಲಿ ಅಗೆದಾಗ ಹಲವು ಕಲ್ಲುಗಳು ಹೊರಬಂದವು. ಅವು ಈಗ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಗೋಡೆಯಲ್ಲಿ ಸೇರಿದ್ದ ಬೇರೆ ಬಗೆಯ ಹೆಸರುಗಳು ಎಂದು ಆರಂಭದಲ್ಲಿ ಹೇಳಿದ್ದು ಇವನ್ನೇ.

ಟೊಯ್ಷ್‌ಲೈನನ ಕತೆ ಅಲ್ಲಿಗೆ ಮುಗಿಯುವುದಿಲ್ಲ, ಪ್ರಗತಿಪರರೆಂದು ಹೇಳಿಕೊಳ್ಳುವವರಿಗೆ ಇರಿಸುಮುರಿಸಾಗುವ ಭಾಗ ಅದೇ. ಐದು ವರ್ಷ ಕಳೆದು 1525ರಲ್ಲಿ ಜರ್ಮನಿಯ ರೈತರು ಬಂಡೆದ್ದರು. ಫ್ರೆಡರಿಕ್ ಎಂಗೆಲ್ಸ್ 1850ರಲ್ಲಿ ಬರೆದ ಪುಸ್ತಕದ ವಸ್ತು ಇದೇ ಬಂಡಾಯ. ರೋಟೆನ್‌ಬುರ್ಗಿನ ಸೀಮೆಯಲ್ಲಿ ಕಿಡಿ ಹೊತ್ತಿಕೊಂಡದ್ದು ಮಾರ್ಚ್ ತಿಂಗಳಲ್ಲಿ, ಓರೆನ್‌ಬಾಖ್ ಮತ್ತು ಬ್ರೆಟ್‌ಹೈಮ್ ಎಂಬ ಹಳ್ಳಿಗಳಲ್ಲಿ. ಬ್ರೆಟ್‌ಹೈಮ್ ಎಂಬ ಹೆಸರನ್ನು ಸಭಿಕರು ನೆನಪಿನಲ್ಲಿಡಬೇಕು, ಅದು ಮುಂದೆ ಮತ್ತೊಮ್ಮೆ ಬರಲಿದೆ. ಹಳ್ಳಿಗರ ಬೇಡಿಕೆಗಳು ಸರಳವಾಗಿದ್ದವು: ಹೊಸ ತೆರಿಗೆ ಬೇಡ, ಜೀತ ಬೇಡ, ಪಾದ್ರಿ ಮತ್ತು ಪ್ರಭುವಿನ ಪಾಲು ತಗ್ಗಲಿ. ಊರೊಳಗಿನ ಬಡ ಕಸುಬುದಾರರು ಗೋಡೆಯಾಚೆಯ ರೈತರ ಜೊತೆ ಕೈಜೋಡಿಸಿದರು. ನಗರಸಭೆಯ ಹಿಡಿತ ಸಡಿಲಿತು. ನಗರ ರೈತಸೇನೆಯ ಜೊತೆ ಒಪ್ಪಂದ ಮಾಡಿಕೊಂಡು ವ್ಯುರ್ಟ್ಸ್‌ಬುರ್ಗಿನ ಕೋಟೆಯ ಮುತ್ತಿಗೆಗೆ ಫಿರಂಗಿಗಳನ್ನೂ ಕಳುಹಿಸಿತು. ಆ ಕೆಲವು ವಾರ ಮಾತ್ರ ರೋಟೆನ್‌ಬುರ್ಗಿನ ಹೆಬ್ಬಾಗಿಲು ಹೊರಗಿನವರಿಗಾಗಿ ತೆರೆದಿತ್ತು. ಬಂಡಾಯಗಾರರ ಪರವಾಗಿ ಊರೊಳಗೆ ನಿಂತವರಲ್ಲಿ ಟೊಯ್ಷ್‌ಲೈನ್ ಕೂಡ ಒಬ್ಬ. ಯಹೂದಿಗಳನ್ನು ಓಡಿಸಿದ ಬಾಯಿಯೇ ಈಗ ರೈತರ ನ್ಯಾಯವನ್ನು ಸಾರುತ್ತಿತ್ತು. ಬಡವನ ಸಿಟ್ಟು ಪ್ರಭುವಿನ ಕಡೆಗೆ ತಿರುಗುವ ಮುನ್ನ ಪಕ್ಕದ ಮನೆಯ ಅನ್ಯಧರ್ಮದವನ ಕಡೆಗೆ ತಿರುಗಿದ್ದನ್ನು ಎಂಗೆಲ್ಸನ ಓದುಗರು ಸಾಮಾನ್ಯವಾಗಿ ಮರೆತುಬಿಡುತ್ತಾರೆ.

ಬಂಡಾಯ ನೆಲಕಚ್ಚಿತು. ಜೂನ್ ಕೊನೆಯಲ್ಲಿ ಬ್ರಾಂಡೆನ್‌ಬುರ್ಗ್-ಆನ್ಸ್‌ಬಾಖಿನ ಪ್ರಭು ಕಾಸಿಮಿರ್ ಸೈನ್ಯದೊಂದಿಗೆ ಬಂದು ಎರಡು ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಜನರ ತಲೆಗಳನ್ನು ಮಾರುಕಟ್ಟೆ ಚೌಕದಲ್ಲಿ ಕಡಿಸಿದ. ಜುಲೈ 1ರಂದು ಸತ್ತವರಲ್ಲಿ ಟೊಯ್ಷ್‌ಲೈನನೂ ಇದ್ದ, ಬಂಡಾಯದ ಪರ ನಿಂತ ನೈಟ್ ಸ್ಟೆಫಾನ್ ಫಾನ್ ಮೆಂಟ್ಸಿಂಗೆನನೂ ಇದ್ದ. ಈ ಊರಿನ ಯಾಕೋಬ್ ಚರ್ಚಿಗೆ ಪವಿತ್ರ ರಕ್ತದ ಮರದ ಪೀಠವನ್ನು ಕೆತ್ತಿಕೊಟ್ಟ ಮಹಾಶಿಲ್ಪಿ ಟಿಲ್ಮನ್ ರೀಮೆನ್‌ಷ್ನೈಡರ್ ವ್ಯುರ್ಟ್ಸ್‌ಬುರ್ಗಿನಲ್ಲಿ ರೈತರ ವಿರುದ್ಧ ನಿಲ್ಲಲು ಒಪ್ಪದ ತಪ್ಪಿಗೆ ಸೆರೆಗೆ ಬಿದ್ದು ಚಿತ್ರಹಿಂಸೆ ಅನುಭವಿಸಿದ. ಇಂದು ಅದೇ ಮಾರುಕಟ್ಟೆ ಚೌಕದಲ್ಲಿ ಪ್ರವಾಸಿಗರು ನೆರೆಯುವುದು ಬೇರೊಂದು ಕತೆಯ ಗಡಿಯಾರದ ಗೊಂಬೆಗಳನ್ನು ನೋಡಲು. 1631ರಲ್ಲಿ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಸೇನಾಪತಿ ಟಿಲ್ಲಿ ಊರನ್ನು ಗೆದ್ದು ಸುಡಲು ಹೊರಟಾಗ ಮಾಜಿ ಮೇಯರ್ ನುಷ್ ಮೂರೂ ಕಾಲು ಲೀಟರ್ ದ್ರಾಕ್ಷಾರಸವನ್ನು ಒಂದೇ ಗುಟುಕಿಗೆ ಕುಡಿದು ಊರನ್ನು ಉಳಿಸಿದನಂತೆ. ಅಂಥದ್ದು ನಡೆಯಿತೆಂಬುದಕ್ಕೆ ಆಧಾರವಿಲ್ಲ. ಆದಾಗ್ಯೂ ಆಡಾಮ್ ಹ್ಯೋರ್ಬರ್ ಎಂಬ ಗಾಜುಗಾರ ಅದನ್ನು ನಾಟಕ ಮಾಡಿದ. 1881ರಿಂದ ಊರಿನವರೇ ಪಾತ್ರ ಹಾಕಿ ಅದನ್ನು ಆಡುತ್ತ ಬಂದಿದ್ದಾರೆ. ನಡೆಯದ ಘಟನೆಗೆ ವರ್ಷವರ್ಷವೂ ಉತ್ಸವ, ನಡೆದ ಶಿರಚ್ಛೇದಗಳಿಗೆ ಅದರ ಅರ್ಧದಷ್ಟು ಸದ್ದೂ ಇಲ್ಲ.

ಆ ಯುದ್ಧದ ನಂತರ ಊರು ಬಡವಾಯಿತು. ವ್ಯಾಪಾರ ಬೇರೆ ದಾರಿ ಹಿಡಿಯಿತು. 1802ರಲ್ಲಿ ಬವೇರಿಯಾ ಅದನ್ನು ನುಂಗಿತು. ಹಳೆಯ ಸೀಮೆಯ ಪಶ್ಚಿಮದ ಹಳ್ಳಿಗಳು 1810ರಲ್ಲಿ ವ್ಯುರ್ಟೆಂಬೆರ್ಗಿಗೆ ಹೋದವು. ಇಡೀ ಯುರೋಪಿನ ನಗರಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ಕೋಟೆಗೋಡೆಗಳನ್ನು ಕೆಡವಿ ವರ್ತುಲ ರಸ್ತೆಗಳನ್ನು ಮಾಡಿಕೊಂಡಾಗ ರೋಟೆನ್‌ಬುರ್ಗಿಗೆ ಅದರ ಅಗತ್ಯವೇ ಬೀಳಲಿಲ್ಲ. ಅದು ಉಳಿದದ್ದು ಯಾರೋ ಉಳಿಸಿದ್ದರಿಂದಲ್ಲ, ಬದಲಿಸುವ ಶಕ್ತಿ ಇಲ್ಲದ್ದರಿಂದ. ಆ ಬಡತನವನ್ನು ಚಿತ್ರಕಾರರು ಸೌಂದರ್ಯವೆಂದು ಕಂಡರು. 1873ರಲ್ಲಿ ರೈಲು ಬಂತು, ರೈಲಿನ ಹಿಂದೆ ಪ್ರವಾಸಿಗರು. ಇಂಗ್ಲೆಂಡಿನ ನಗರ ಯೋಜಕರೂ ಮರುಳಾದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬಿನಲ್ಲಿರುವ ಇಟ್ಟಿಗೆಯ ಗೋಡೆಗೆ ರೋಟೆನ್‌ಬುರ್ಗಿನ ನೆನಪೇ ಸ್ಫೂರ್ತಿ. ಯಾರನ್ನೂ ತಡೆಯಬೇಕಿರದ ಬಡಾವಣೆಗೂ ಒಂದು ಗೋಡೆ ಬೇಕೆನಿಸಿತು!

ಚೆಂದದ ಹಳೆಯ ಊರೆಂಬುದು ನಿರಪಾಯದ ಕಲ್ಪನೆಯಲ್ಲ. ಇದೇ ಅತ್ಯಂತ ಜರ್ಮನ್ ಆದ ಊರು, ಇದೇ ಕಲಬೆರಕೆಯಿಲ್ಲದ ಗತಕಾಲ ಎಂಬ ಮಾತು ಹತ್ತೊಂಬತ್ತನೆಯ ಶತಮಾನದಲ್ಲೇ ಮೊಳೆತಿತ್ತು. ಹಿಟ್ಲರನ ಪಕ್ಷಕ್ಕೆ ಅದು ಸಿದ್ಧ ಅಡುಗೆಯಾಗಿ ಒದಗಿತು. ಪಕ್ಕದ ನ್ಯೂರೆಂಬರ್ಗ್ ಯೂಲಿಯುಸ್ ಸ್ಟ್ರೈಖರನ ನೆಲೆಯಾಗಿತ್ತು, ಸುತ್ತಲ ಸೀಮೆ ಪಕ್ಷವನ್ನು ಮೊದಲೇ ಅಪ್ಪಿಕೊಂಡಿತ್ತು. 1930ರ ದಶಕದಲ್ಲಿ ಸರ್ಕಾರಿ ಪ್ರವಾಸ ಯೋಜನೆಯಡಿ ಕಾರ್ಮಿಕರನ್ನು ರೈಲುಗಟ್ಟಲೆ ತಂದು ಈ ಊರನ್ನು ತೋರಿಸಲಾಯಿತು: ನೋಡಿ, ಜರ್ಮನ್ ಸಮುದಾಯವೆಂದರೆ ಹೀಗಿತ್ತು ಎಂದು. ಊರಿಗೆ ಹೊಂದದ ಜಾಹೀರಾತು ಫಲಕಗಳನ್ನು ಕಿತ್ತರು, ಮನೆಗಳ ಮುಖಗಳನ್ನು ಮಧ್ಯಯುಗಕ್ಕೆ ಒಗ್ಗುವಂತೆ ತಿದ್ದಿದರು. ಶುದ್ಧೀಕರಣ ಗಾರೆಯಿಂದ ಆರಂಭವಾಗಿ ಮನುಷ್ಯರಿಗೆ ಬಂತು. 1870ರ ದಶಕದಿಂದ ಚಿಕ್ಕದೊಂದು ಯಹೂದಿ ಸಮುದಾಯ ಊರಿಗೆ ಮರಳಿತ್ತು. 1937ರಲ್ಲಿ ಕೋಟೆಬಾಗಿಲುಗಳಲ್ಲಿ ಯಹೂದಿಗಳನ್ನು ಹೀಯಾಳಿಸುವ ಮರದ ಫಲಕಗಳನ್ನು ತೂಗುಹಾಕಿದರು. ಅವನ್ನು ಮಾಡಿದ್ದು ಊರಿನ ಕಲಾವಿದರೇ, ಹಳೆಯ ಜಾನಪದದ ಶೈಲಿಯಲ್ಲಿ, ಹಳೆಯ ಬಾಗಿಲಿಗೆ ಒಪ್ಪುವಂತೆ. 1938ರ ಅಕ್ಟೋಬರ್ 22ರಂದು ಉಳಿದಿದ್ದ ಕೊನೆಯ ಹದಿನೇಳು ಜನ ಯಹೂದಿಗಳನ್ನು ಊರು ಬಿಡಿಸಲಾಯಿತು. ದೇಶದಾದ್ಯಂತ ಸಿನಗಾಗುಗಳು ಉರಿದ ನವೆಂಬರ್ ರಾತ್ರಿಗೆ ಇನ್ನೂ ಎರಡು ವಾರಕ್ಕೂ ಹೆಚ್ಚು ಕಾಲವಿತ್ತು. ರೋಟೆನ್‌ಬುರ್ಗಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಪುರಭವನದ ಮಂದಿ 1520ರ ಸಂಪ್ರದಾಯವನ್ನೇ ಮುಂದುವರಿಸುತ್ತಿದ್ದೇವೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ.

1945ರ ಮಾರ್ಚ್ 31ರಂದು, ಬೇರೆಡೆಯ ಗುರಿ ಮಂಜಿನಲ್ಲಿ ಕಾಣದೆ, ಅಮೆರಿಕದ ಹದಿನಾರು ವಿಮಾನಗಳು ರೋಟೆನ್‌ಬುರ್ಗಿನ ಮೇಲೆ ಬಾಂಬು ಸುರಿದವು. ನಲವತ್ತರ ಆಸುಪಾಸು ಜನ ಸತ್ತರು. 306 ಮನೆಗಳು, ಒಂಬತ್ತು ಗೋಪುರಗಳು, ಆರುನೂರು ಮೀಟರಿಗೂ ಹೆಚ್ಚು ಉದ್ದದ ಕೋಟೆಗೋಡೆ ನೆಲಸಮವಾದವು. ಹಳೆಯ ಊರಿನ ಪೂರ್ವಭಾಗ ಬಹುಪಾಲು ಹೋಯಿತು. ಪ್ರವಾಸಿಗರು ಇಂದು ಮಧ್ಯಯುಗವೆಂದು ಸವರಿ ನೋಡುವ ಕಲ್ಲುಗಳಲ್ಲಿ ಬಹಳಷ್ಟು 1950ರ ದಶಕದವು.

ಆಮೇಲೆ ಎರಡು ವಾರಗಳಲ್ಲಿ ಅಮೆರಿಕದ ಸೈನ್ಯ ಊರಿನ ಹತ್ತಿರ ಬಂತು. ಅಮೆರಿಕದ ಯುದ್ಧ ಇಲಾಖೆಯ ಸಹಾಯಕ ಕಾರ್ಯದರ್ಶಿ ಜಾನ್ ಮೆಕ್‌ಕ್ಲಾಯ್ ಆಗ ಅಲ್ಲೇ ಇದ್ದ. ಅವನ ತಾಯಿ ಹಿಂದೆಂದೋ ರೋಟೆನ್‌ಬುರ್ಗಿಗೆ ಹೋಗಿಬಂದು ಒಂದು ಚಿತ್ರವನ್ನು ತಂದಿದ್ದಳು. ಅದು ಅವರ ಮನೆಯ ಗೋಡೆಯ ಮೇಲಿತ್ತು. ಆ ನೆನಪಿನಿಂದ ಅವನು ಊರಿನ ಮೇಲೆ ಫಿರಂಗಿ ಹಾರಿಸಬೇಡಿರೆಂದು ಜನರಲ್ ಡೆವರ್ಸ್‌ನನ್ನು ಕೇಳಿಕೊಂಡ. ಸಂಧಾನ ನಡೆಯಿತು. ಜರ್ಮನ್ ಸೇನಾಧಿಕಾರಿ ಹಿಟ್ಲರನ ಆಜ್ಞೆಯನ್ನು ಮೀರಿ ಊರನ್ನು ಬಿಟ್ಟುಕೊಟ್ಟ. ಏಪ್ರಿಲ್ 17ರಂದು ಅಮೆರಿಕದ ಸೈನಿಕರು ಗುಂಡು ಹಾರಿಸದೆ ಒಳಗೆ ಬಂದರು. ಕೃತಜ್ಞ ನಗರ 1948ರಲ್ಲಿ ಮೆಕ್‌ಕ್ಲಾಯ್‌ಗೆ ಗೌರವ ಪದವಿ ಕೊಟ್ಟಿತು.

ಈ ಕತೆಯನ್ನು ಮಾರ್ಗದರ್ಶಿಗಳು ಇಲ್ಲಿಗೇ ನಿಲ್ಲಿಸುತ್ತಾರೆ. ಇದೇ ಮೆಕ್‌ಕ್ಲಾಯ್ 1944ರಲ್ಲಿ ಆಶ್ವಿಟ್ಸ್‌ಗೆ ಹೋಗುವ ರೈಲುಹಳಿಗಳ ಮೇಲೆ ಬಾಂಬು ಹಾಕಿರೆಂದು ಯಹೂದಿ ಸಂಘಟನೆಗಳು ಬೇಡಿಕೊಂಡಾಗ, ಅದರಿಂದ ಬೇರೆಡೆಯ ಯುದ್ಧಕ್ಕೆ ಬೇಕಾದ ವಿಮಾನಬಲ ತಪ್ಪುತ್ತದೆಂಬ ಕಾರಣ ಕೊಟ್ಟು ನಿರಾಕರಿಸುವ ಪತ್ರಗಳಿಗೆ ಸಹಿ ಹಾಕಿದವನು. ಅಮೆರಿಕದಲ್ಲಿ ನೆಲೆಸಿದ್ದ ಒಂದು ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದವರನ್ನು 1942ರಲ್ಲಿ ಶಿಬಿರಗಳಿಗೆ ಅಟ್ಟಿದ ಕ್ರಮದ ಮುಖ್ಯ ನಿರ್ವಾಹಕರಲ್ಲಿ ಒಬ್ಬ. ಯುದ್ಧಾನಂತರ ಜರ್ಮನಿಯ ಅಮೆರಿಕನ್ ಹೈಕಮಿಷನರನಾಗಿ, 1951ರಲ್ಲಿ, ಜೀತದಾಳುಗಳನ್ನು ದುಡಿಸಿದ ಅಪರಾಧಕ್ಕೆ ಶಿಕ್ಷೆಯಾಗಿದ್ದ ಕೈಗಾರಿಕೋದ್ಯಮಿ ಆಲ್ಫ್ರೀಡ್ ಕ್ರುಪ್‌ನನ್ನು ಬಿಡುಗಡೆ ಮಾಡಿ ಆಸ್ತಿಯನ್ನೂ ಮರಳಿ ಕೊಡಿಸಿದವನು. ಆಶ್ವಿಟ್ಸ್ ಹಳಿಗಳ ಮೇಲಿನ ದಾಳಿ ಎಷ್ಟು ಫಲ ಕೊಡುತ್ತಿತ್ತು ಎಂಬುದನ್ನು ಸೈನಿಕ ಚರಿತ್ರೆಕಾರರು ಇನ್ನೂ ಚರ್ಚಿಸುತ್ತಿದ್ದಾರೆ. ಅದೇನೇ ಇರಲಿ, ಒಂದು ಊರಿನ ಚಿತ್ರ ಒಬ್ಬ ಅಧಿಕಾರಿಯ ಮನೆಯ ಗೋಡೆಯಲ್ಲಿತ್ತು, ರೈಲುಡಬ್ಬಿಯೊಳಗಿನ ಮುಖಗಳ ಚಿತ್ರ ಇರಲಿಲ್ಲ.

ರೋಟೆನ್‌ಬುರ್ಗಿನಿಂದ ನೈಋತ್ಯಕ್ಕೆ ಸುಮಾರು ಹದಿನೈದು ಕಿಲೋಮೀಟರು ದೂರದಲ್ಲಿ, ಹಳೆಯ ಮುಳ್ಳುಬೇಲಿಯ ಸೀಮೆಯೊಳಗೆ, ಬ್ರೆಟ್‌ಹೈಮ್ ಇದೆ. 1525ರಲ್ಲಿ ಮೊದಲು ಎದ್ದ ಹಳ್ಳಿಗಳಲ್ಲಿ ಒಂದು. 1945ರ ಏಪ್ರಿಲ್ ಆರಂಭದಲ್ಲಿ ಹಿಟ್ಲರ್ ಯುವದಳದ ಕೆಲವು ಹುಡುಗರು ಅಮೆರಿಕನ್ನರನ್ನು ಎದುರಿಸಲೆಂದು ಅಲ್ಲಿಗೆ ಬಂದಾಗ ಫ್ರೀಡ್‌ರಿಷ್ ಹಾನ್ಸೆಲ್‌ಮನ್ ಎಂಬ ರೈತ ಬೇರೆಯವರ ಜೊತೆ ಸೇರಿ ಅವರ ಆಯುಧಗಳನ್ನು ಕಸಿದು ಕೆರೆಗೆ ಎಸೆದ. ಎಸ್‌ಎಸ್ ಪಡೆಯವರು ಅವನಿಗೆ ಮರಣದಂಡನೆ ಬರೆದರು. ಹಳ್ಳಿಯ ಮೇಯರ್ ಲಿಯೊನ್‌ಹಾರ್ಡ್ ಗಾಕ್‌ಸ್ಟಾಟರ್ ಮತ್ತು ಶಾಲಾ ಮಾಸ್ತರ ಲಿಯೊನ್‌ಹಾರ್ಡ್ ವೋಲ್ಫ್‌ಮೇಯರ್ ಆ ತೀರ್ಪಿಗೆ ಸಹಿ ಹಾಕಲು ಒಪ್ಪಲಿಲ್ಲ. ಇಬ್ಬರೂ ಪಕ್ಷದ ಸದಸ್ಯರಾಗಿಯೇ ಇದ್ದವರು. ಏಪ್ರಿಲ್ 10ರಂದು ಸ್ಮಶಾನದ ಬಾಗಿಲಿನ ಲಿಂಡೆನ್ ಮರಗಳಿಗೆ ಮೂವರನ್ನೂ ನೇಣು ಹಾಕಿದರು. ತೀರ್ಪನ್ನು ಕಾಯಂ ಮಾಡಿದ ಎಸ್‌ಎಸ್ ಜನರಲ್ ಮಾಕ್ಸ್ ಸಿಮೋನ್ ಯುದ್ಧಾನಂತರದ ವಿಚಾರಣೆಗಳಲ್ಲಿ ಖುಲಾಸೆಯಾದ.

ಆ ಹೆಣಗಳನ್ನು ಕಂಡಿದ್ದ ಹಳ್ಳಿಯಲ್ಲಿ ಬಿಳಿ ಬಾವುಟ ಹಾರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಏಪ್ರಿಲ್ 17ರಂದು, ರೋಟೆನ್‌ಬುರ್ಗಿನ ಬಾಗಿಲುಗಳು ಶಾಂತವಾಗಿ ತೆರೆದ ಅದೇ ದಿನ, ಅಮೆರಿಕದ ಫಿರಂಗಿಗಳು ಬ್ರೆಟ್‌ಹೈಮನ್ನು ಸುಟ್ಟು ಬೂದಿ ಮಾಡಿದವು. ಆ ಹಳ್ಳಿಯ ಚಿತ್ರವನ್ನು ಯಾರ ತಾಯಿಯೂ ಮನೆಗೆ ಒಯ್ದಿರಲಿಲ್ಲ. ಅದಕ್ಕೆ ಗೋಡೆಯೂ ಇರಲಿಲ್ಲ, ಗೋಪುರವೂ ಇರಲಿಲ್ಲ.

ರೋಟೆನ್‌ಬುರ್ಗಿಗೆ ಹೋಗುವವರು ಒಂದು ಮಧ್ಯಾಹ್ನವನ್ನು ಉಳಿಸಿಕೊಂಡರೆ ಬ್ರೆಟ್‌ಹೈಮಿಗೂ ಹೋಗಿಬರಬಹುದು. ಪ್ರವಾಸಿ ಬಸ್ಸುಗಳು ಅತ್ತ ತಿರುಗುವುದಿಲ್ಲ. ಪುರಭವನದಲ್ಲಿ ಚಿಕ್ಕದೊಂದು ಸ್ಮಾರಕ ಕೊಠಡಿ ಇದೆ, ಅದರಲ್ಲಿ ಆ ಮೂವರ ಹೆಸರುಗಳಿವೆ. ಯಹೂದಿಗಳ ಗೋರಿಕಲ್ಲುಗಳು ರೋಟೆನ್‌ಬುರ್ಗಿನ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿಂದ ಕೋಟೆಗೋಡೆಯ ಮೆಟ್ಟಿಲುಗಳಿಗೆ ನಡೆದೇ ಹೋಗಬಹುದು. ಮೆಟ್ಟಿಲು ಹತ್ತಿದರೆ ಮತ್ತೆ ಆ ದಾನಿಗಳ ಫಲಕಗಳು ಸಾಲಾಗಿ ಸಿಗುತ್ತವೆ: ಹೆಸರು, ಊರು, ಇಷ್ಟು ಮೀಟರು.